ದಿನಕ್ಕೊಂದು ವಾಕ್ಯ

ಜೂನ್ 4

ಅಪ್ಪಾ,

ಈ ಕಾಗದ ರಾತ್ರಿ ಬಸ್ಸಿನ ಡ್ರೈವರಣ್ಣನ ಕೈಯಲ್ಲಿ ಬರುತ್ತದೆ. ಅವನ ಬಸ್ಸಿನ ಹಣೆಯ ಮೇಲೆ ನಾವಿಬ್ಬರೂ ಸೇರಿ ಅಕ್ಷರ ಬರೆದಿದ್ದೆವಲ್ಲ, ಆ ವಿಶ್ವಾಸಕ್ಕೆ ಎಷ್ಟು ಕಾಗದ ಕೊಟ್ಟರೂ ತಲುಪಿಸುತ್ತೇನೆ ಎಂದಿದ್ದಾನೆ. ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ಮೆಸೇಜು ನೋಡುವ ಫೋನು ನೀನು ಇಟ್ಟುಕೊಂಡಿಲ್ಲ. ಇಲ್ಲಿ ಬಂದು ಕೂರೋಣವೆಂದರೆ ಎಲ್ಲರ ಬಾಯಿಗೂ ಮಾಸ್ಕು. ತುಟಿ ನೋಡಿ ಮಾತು ಹಿಡಿಯುವ ನಿನಗೆ ಇವರೆಲ್ಲ ಷಟರ್ ಎಳೆದ ಅಂಗಡಿಗಳು. ಸಾಲದ್ದಕ್ಕೆ ನಿನ್ನ ಆ ಕೆಮ್ಮು. ವಾರ್ಡಿನ ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದಾಗ ನೀನು ತಿರುಗಿಯೂ ನೋಡದೆ ಹೋದೆ. ನಾನು ಗಾಜಿನೊಳಗಿನಿಂದ ನೋಡುತ್ತಲೇ ಇದ್ದೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಸೋಂಕು ತಡೆಯುವ ಶಕ್ತಿ ಈಗ ನನ್ನ ಮೈಯಲ್ಲಿ ಸೊನ್ನೆ. ನಿನ್ನ ಕಾಗದವನ್ನು ಕೂಡ ಪ್ಲಾಸ್ಟಿಕ್ ಕವರಿಗೆ ಹಾಕಿ, ಹೊರಗೆಲ್ಲ ಒರೆಸಿ ಕೊಡುತ್ತಾರಂತೆ.

ಇವತ್ತು ಹಾಕಿದರು. ಇಷ್ಟು ತಿಂಗಳು ಕಾದದ್ದು ಅಂಗೈ ಅಗಲದ ಒಂದು ಚೀಲಕ್ಕೆ. ಕೀಮೋಗೆ ಎರಡು ಸಲವೂ ಈ ಬ್ಲಡ್ ಕ್ಯಾನ್ಸರ್ ಜಗ್ಗಲಿಲ್ಲ. ಅದಕ್ಕೇ ನನ್ನ ರಕ್ತದಿಂದಲೇ ಕಾವಲು ಕಾಯುವ ಸೆಲ್‌ಗಳನ್ನು ತೆಗೆದು, ಲ್ಯಾಬಿನಲ್ಲಿಟ್ಟು ಕ್ಯಾನ್ಸರಿನ ಗುರುತು ಹಿಡಿಯಲು ಕಲಿಸಿ, ಮರಳಿ ನನಗೇ ಹತ್ತಿಸಿದರು. ಕಾಫಿ ಆರುವಷ್ಟರಲ್ಲಿ ಮುಗಿಯಿತು. ಕೋಣೆಯೆಲ್ಲ ಬೇಯಿಸಿದ ಜೋಳದ ವಾಸನೆ. ಸೆಲ್ ಕೆಡದಿರಲಿ ಎಂದು ಬೆರೆಸಿದ ದ್ರವದ್ದಂತೆ. ಚಿಕ್ಕಮ್ಮ “ಇಷ್ಟೇನಾ?” ಎಂದಳು. ಉದ್ದ ಡಾಕ್ಟರ್ (ಬಾಗಿಲಿಗೆ ತಲೆ ಬಗ್ಗಿಸಿಕೊಂಡೇ ಒಳಗೆ ಬರುತ್ತಾರೆ) “ಇಷ್ಟೇ. ಇನ್ಮೇಲೆ ಕಾಯೋದು” ಎಂದರು. ಇದೂ ಆಗದಿದ್ದರೆ ಮುಂದೇನು ಎಂದು ನಾನು ಕೇಳಲಿಲ್ಲ. ಮುಂದೆ ಏನೂ ಇಲ್ಲ ಎಂದು ನನಗೂ ಗೊತ್ತು, ನಿನಗೂ ಗೊತ್ತು.

ಇನ್ನೊಂದು ವಿಷಯ. ಇಲ್ಲೊಬ್ಬ ನರ್ಸ್ ಇದ್ದಾರೆ, ಹೇಳಿದ ಹೊತ್ತಿಗೆ ಕರಾರುವಾಕ್ಕಾಗಿ ಬರುತ್ತಾರೆ. ನಾವು ಗಡಿಯಾರದಮ್ಮ ಎಂದು ಹೆಸರಿಟ್ಟಿದ್ದೇವೆ. ಬೆಳಿಗ್ಗೆ ಸಂಜೆ ನನಗೆ ಪರೀಕ್ಷೆ. ಇದು ಯಾವ ವರ್ಷ, ಯಾವ ತಿಂಗಳು, ಎಲ್ಲಿದ್ದೀಯ ಎಂದು ಕೇಳುತ್ತಾರೆ. ಪೆನ್ನು, ಗಡಿಯಾರ, ಗುಂಡಿ ತೋರಿಸಿ ಹೆಸರು ಹೇಳಿಸುತ್ತಾರೆ. ನೂರರಿಂದ ಹತ್ತತ್ತು ಬಿಟ್ಟು ಹಿಂದಕ್ಕೆ ಎಣಿಸಬೇಕು. ಕೊನೆಗೆ ಒಂದು ವಾಕ್ಯ ಬರೆಯಬೇಕು. ಒಟ್ಟು ಹತ್ತು ಅಂಕ. ಹೊಸ ಸೆಲ್‌ಗಳು ಕೆರಳಿದರೆ ಮಿದುಳಿಗೂ ಬಿಸಿ ತಟ್ಟುತ್ತದಂತೆ, ಆಗ ಕೈಬರಹ ಬೇಗ ಕೆಡುತ್ತದಂತೆ. ಅಂಕ ಬಿದ್ದವರನ್ನು ಕೆಳಗಿನ ಐಸಿಯುಗೆ ಒಯ್ಯುತ್ತಾರೆ. ಎದುರು ಕೋಣೆಯ ಮಾವನನ್ನು ನಿನ್ನೆ ಒಯ್ದರು. ಹಾಸಿಗೆ ಇನ್ನೂ ಖಾಲಿಯಿದೆ.

ನನಗೆ ಕೆಳಗೆ ಹೋಗಲು ಇಷ್ಟವಿಲ್ಲ. ಕೈ ನಡುಗದ ಹಾಗೆ ಬರೆಯುವ ಒಂದು ವಾಕ್ಯ ಹೇಳು.

ನಿನ್ನ
ಇರುವೆ


ಜೂನ್ 6

ಇರುವೆ,

ನಿನ್ನ ಕಾಗದ ಓದಿ, ಕನ್ನಡಕ ಒರೆಸಿಕೊಂಡು, ಇನ್ನೊಮ್ಮೆ ಓದಿದೆ. ಬಾಗಿಲಲ್ಲಿ ತಿರುಗಿ ನೋಡದೆ ಹೋದದ್ದು ಸಿಟ್ಟಿಗಲ್ಲ ಕಣೇ. ಮುಖ ನಿನಗೆ ತೋರಿಸುವ ಹಾಗಿರಲಿಲ್ಲ.

ನಮ್ಮ ಅಂಗಡಿಯ ಎದುರಿನ ಮೆಡಿಕಲ್ ಶಾಪಿನಾಕೆಗೆ ನಿನ್ನ ಚಿಕ್ಕಮ್ಮ ಫೋನ್ ಮಾಡುತ್ತಾಳೆ. ಆಕೆ ಬಂದು “ಚೆನ್ನಾಗಿದಾಳಂತೆ” ಎಂದು ಚೀಟಿ ಬರೆದು ಕೊಡುತ್ತಾಳೆ. ಕೋಳಿ ಕೆದಕಿದಂಥ ಅಕ್ಷರ. ಚೆನ್ನಾಗಿದ್ದಾಳೆ ಎನ್ನುವ ಸುದ್ದಿಯನ್ನು ಇಷ್ಟು ಕೆಟ್ಟದಾಗಿ ಬರೆದರೆ ಯಾರು ನಂಬುತ್ತಾರೆ? ಆದರೂ ಚೀಟಿಗಳನ್ನೆಲ್ಲ ಬ್ರಷ್ಷಿನ ಡಬ್ಬದಲ್ಲಿ ಇಟ್ಟುಕೊಂಡಿದ್ದೇನೆ.

ಜ್ವರ ಬರಬಹುದು ಎಂದು ಮೊದಲೇ ಹೇಳಿದ್ದರಲ್ಲ, ಅದೊಂದು ಮಾತು ನನ್ನನ್ನು ಬಿಡುತ್ತಿಲ್ಲ. ನನ್ನ ಕಿವಿಗಳನ್ನು ಕೊಂಡೊಯ್ದದ್ದೂ ಒಂದು ಜ್ವರವೇ. ಮಲಗುವಾಗ ನೀನು ತೊಟ್ಟಿಲಲ್ಲಿ ಅಳುತ್ತಿದ್ದೆ. ಎದ್ದು ನೋಡಿದರೆ ನಿನ್ನ ಬಾಯಿ ತೆರೆದಿತ್ತು, ಸದ್ದು ಮಾತ್ರ ಇರಲಿಲ್ಲ. ಹೋಗಲಿ, ಆ ಮಾತು ಈಗ ಯಾಕೆ.

ವಾಕ್ಯಕ್ಕೆ ಬರುತ್ತೇನೆ. ಹೊಸದರ ಗೊಡವೆಗೆ ಹೋಗಬೇಡ. “ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ” ಎಂದು ಬರಿ. ಈ ಊರಿನಲ್ಲಿ ಅದಿಲ್ಲದ ಗೇಟು ಯಾವುದಿದೆ? ಅರ್ಧದಷ್ಟು ನೀನೇ ಬರೆದದ್ದು. ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ನಿದ್ದೆಗಣ್ಣಿನಲ್ಲಿ ನನ್ನ ಜೊತೆ ಬಂದು, ಒಂದು ಗೇಟಿನ ತುಂಬ ಅದನ್ನು ಬರೆದು ಮುಗಿಸಿ, ಮಧ್ಯಾಹ್ನ ಊಟಕ್ಕೆ ಕೂತಾಗ “ಅಪ್ಪಾ, ಆ ಗೇಟು ಯಾವಾಗ ಬರೆಯೋಣ?” ಎಂದು ಕೇಳಿದ್ದೆ. ನಿಮ್ಮಮ್ಮ ಸಾಯುವವರೆಗೂ ಅದನ್ನು ಹೇಳಿಕೊಂಡು ನಗುತ್ತಿದ್ದಳು. ನಿನ್ನ ತಲೆ ಮಲಗಿದ್ದರೂ ಕೈ ತಪ್ಪುವುದಿಲ್ಲ. ಗಡಿಯಾರದಮ್ಮ ಬೇಕಾದರೆ ಸ್ಕೇಲು ಹಿಡಿದು ಅಳೆದುಕೊಳ್ಳಲಿ.

ಇಂತಿ, ನಿನ್ನನ್ನು ಏಣಿ ಹತ್ತಿಸಿದ
ಅಪ್ಪ


ಜೂನ್ 9

ಭಾವನವರಿಗೆ,

ಜ್ವರ ಬಂದಿದೆ. ಹೆದರಬೇಡಿ ಎಂದು ಬರೆಯಲು ಹೊರಟೆ. ನನಗೇ ಇಲ್ಲದ ಧೈರ್ಯವನ್ನು ನಿಮಗೆ ಏನೆಂದು ಹೇಳಲಿ?

ಮೊನ್ನೆ ಸಂಜೆ ಚಳಿ ಎಂದಳು. ನಾಲ್ಕು ಹೊದಿಕೆ ಹೊದಿಸಿದರೂ ಮಂಚ ಅಲುಗುವ ಹಾಗೆ ನಡುಕ. ಉದ್ದ ಡಾಕ್ಟರು ಬಂದು ನಿಂತುಕೊಂಡೇ ಹೇಳಿದರು: “ಸೆಲ್‌ಗಳು ಕೆಲಸ ಶುರು ಮಾಡಿದ್ರೂ ಜ್ವರ ಬರುತ್ತೆ, ಸೋಂಕು ತಗುಲಿದ್ರೂ ಜ್ವರ ಬರುತ್ತೆ. ನೋಡೋಕೆ ಎರಡೂ ಒಂದೇ ಥರ. ಯಾವುದು ಅಂತ ತಿಳಿಯೋವರೆಗೂ ಎರಡಕ್ಕೂ ಔಷಧಿ ಕೊಡ್ತೀವಿ.” “ಒಳ್ಳೇ ಜ್ವರಾನೋ ಕೆಟ್ಟ ಜ್ವರಾನೋ ಅಷ್ಟು ಹೇಳಿ ಸ್ವಾಮಿ” ಎಂದೆ. “ಇವತ್ತು ನನಗೂ ಗೊತ್ತಿಲ್ಲಮ್ಮ” ಎಂದರು. ಡಾಕ್ಟರಾದವರು ಹಾಗೆನ್ನಬಾರದಿತ್ತು ಎನ್ನಿಸಿತು. ಸುಳ್ಳು ಹೇಳಿದ್ದರೆ ಇನ್ನೂ ಕೆಡುಕಾಗುತ್ತಿತ್ತು ಎಂದು ಆಮೇಲೆ ಎನ್ನಿಸಿತು.

ನಿನ್ನೆ ರಕ್ತದೊತ್ತಡ ಕುಸಿಯಿತು. ಹೊಸ ಸೆಲ್‌ಗಳ ಉರಿ ತಗ್ಗಿಸಲೆಂದೇ ಒಂದು ಔಷಧಿಯಿದೆಯಂತೆ, ಅದನ್ನು ಹತ್ತಿಸಿದರು. ಇಲಿ ಓಡಿಸಲು ಹೋಗಿ ಮನೆಗೇ ಬೆಂಕಿ ಹಚ್ಚಿದ ಹಾಗೆ ಆಗಿದೆ ನಮ್ಮ ಕಥೆ. ಈಗ ಜ್ವರ ಸ್ವಲ್ಪ ಇಳಿದಿದೆ. ಮಾತಾಡುತ್ತಾಳೆ. ನನ್ನ ಗೊರಕೆಯನ್ನು ಅಣಕಿಸಿದಳು ಕೂಡ.

ಪರೀಕ್ಷೆಯ ಚಿಂತೆ ಬಿಡಿ. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು ನಾನು, ಇನ್ಸ್‌ಪೆಕ್ಟರ್ ಬಂದಾಗ ಎಂಥ ದಡ್ಡರನ್ನೂ ಪಾಸು ಮಾಡಿಸಿದ್ದೇನೆ. ಗಡಿಯಾರದಮ್ಮ ಬರುವ ಮೊದಲೇ ನಾನೊಂದು ಸುತ್ತು ಹೇಳಿಸಿಬಿಡುತ್ತೇನೆ. ವರ್ಷ, ತಿಂಗಳು, ಆಸ್ಪತ್ರೆ. ಪೆನ್ನು, ಗಡಿಯಾರ, ಗುಂಡಿ. ನೂರು, ತೊಂಬತ್ತು, ಎಂಬತ್ತು. ಗಿಣಿಪಾಠ. ಹತ್ತಕ್ಕೆ ಹತ್ತು ಬರುತ್ತಿದೆ. ನಿಮ್ಮ ಗೇಟಿನ ವಾಕ್ಯ ನೋಡಿ ಗಡಿಯಾರದಮ್ಮ “ಅಚ್ಚು ಹಾಕಿದಂಗಿದೆ” ಎಂದರು.

ನಿಮ್ಮ ನಾದಿನಿ


ಜೂನ್ 11

ಅಪ್ಪಾ,

ಚಿಕ್ಕಮ್ಮ ಮಲಗಿದ್ದಾಳೆ. ಅವಳು ಏಳುವುದರೊಳಗೆ ಬರೆಯಬೇಕು.

ಎದುರು ಕೋಣೆಯ ಮಾವನ ಸೊಸೆ ನಲ್ಲಿಯ ಹತ್ತಿರ ಚಿಕ್ಕಮ್ಮನಿಗೆ ಹೇಳಿದಳಂತೆ: ಮಿದುಳಿಗೆ ಉರಿ ತಟ್ಟಿದರೆ ಸ್ಟೆರಾಯ್ಡ್ ಕೊಡುತ್ತಾರೆ, ಆ ಸ್ಟೆರಾಯ್ಡು ಹೊಸ ಸೆಲ್‌ಗಳನ್ನೂ ಮಲಗಿಸಿಬಿಡುತ್ತದೆ. ಅಂದರೆ ಉರಿಯೂ ಹೋಯಿತು, ಔಷಧಿಯೂ ಹೋಯಿತು. ಅವು ಹೋದರೆ ನನಗೆ ಇನ್ನೇನಿದೆ ಅಪ್ಪಾ?

ನಿನ್ನೆಯಿಂದ ಒಂದೊಂದು ಮಾತು ಸಿಗುವುದಿಲ್ಲ. ನೀರು ಬೇಕಿತ್ತು. ಲೋಟ ಕಾಣುತ್ತಿದೆ, ಹೆಸರು ಬರಲೊಲ್ಲದು. ಕೈ ತೋರಿಸಿದೆ. ಚಿಕ್ಕಮ್ಮ ಸುಸ್ತು ಎಂದುಕೊಂಡಳು. ಆಮೇಲೆ ನೆನಪಾಯಿತು, ಆಗಿನಿಂದ ಲೋಟ ಲೋಟ ಎಂದು ಒಳಗೇ ಹೇಳಿಕೊಳ್ಳುತ್ತಿದ್ದೇನೆ. ಗಡಿಯಾರದಮ್ಮ ಲೋಟ ಕೇಳುವುದಿಲ್ಲ, ಅದೊಂದು ಪುಣ್ಯ. ಪೆನ್ನು, ಗಡಿಯಾರ, ಗುಂಡಿ ಮಾತ್ರ ಕೇಳುತ್ತಾರೆ. ಅವು ಬಾಯಿಪಾಠ ಇವೆ.

ಯಾರಿಗೂ ಹೇಳಬೇಡ. ನಾನು ಪಾಸಾಗುತ್ತಿದ್ದೇನೆ. ಸೆಲ್‌ಗಳು ಇನ್ನೊಂದಿಷ್ಟು ದಿನ ಕೆಲಸ ಮಾಡಲಿ. ಹೆದರಿಕೆಯಾಗುತ್ತದೆ, ಆದರೆ ಸ್ಟೆರಾಯ್ಡಿನ ಹೆದರಿಕೆ ಅದಕ್ಕಿಂತ ದೊಡ್ಡದು.

ನಿನ್ನ
ಇರುವೆ


ಜೂನ್ 13

ಅಪ್ಪಾ,

ಏಣಿ ಗಟ್ಟಿಯಾಗಿ ಹಿಡಿದುಕೋ. ಅಮ್ಮ ಕೆಳಗೆ ನಿಂತು ಹಾಸಿಗೆ ಬಟ್ಟೆ ಮಡಿಸುತ್ತಿದ್ದಾಳೆ. ಅವಳ ಮೇಲೆ ಬಣ್ಣ ಬೀಳುತ್ತದೆ. ಹಳದಿ ಮುಗಿದಿದೆ. ಹಳದಿ ಕೇಳಿದರೆ ನೂರು ಎನ್ನುತ್ತಾರೆ, ತೊಂಬತ್ತು ಎನ್ನುತ್ತಾರೆ, ಹಳದಿ ಕೊಡುವುದಿಲ್ಲ. ಗುಂಡಿಯೊಳಗೆ ಯಾರೋ ಇದ್ದಾರೆ. ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ. ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ. ಗೇಟಿನ ಮುಂದೆ ಅಮ್ಮನನ್ನು ನಿಲ್ಲಿಸಬೇಡಿ. ಎಂಬತ್ತು.

ನಿನ್ನ
ಇರುವೆ ಇರುವೆ


ಜೂನ್ 14

ಟೀಚರಮ್ಮಾ,

ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ಏನಾಗಿರುತ್ತದೋ ನನಗೆ ಗೊತ್ತಿಲ್ಲ.

ಬೆಳಿಗ್ಗೆ ಅವಳ ಕಾಗದ ಬಂತು. ಬಿಡಿಸಿದ ಕೂಡಲೇ ಎದೆಯುಬ್ಬಿತು, ಅಷ್ಟು ಅಂದದ ಅಕ್ಷರ. ದಾರ ಹಿಡಿದು ಗೆರೆ ಹೊಡೆದಂಥ ಸಾಲು. ಒಂದು ಒತ್ತಕ್ಷರವೂ ಅತ್ತಿತ್ತ ಸರಿದಿಲ್ಲ. ಆಮೇಲೆ ಓದಿದೆ. ಸತ್ತವಳು ಹಾಸಿಗೆ ಬಟ್ಟೆ ಮಡಿಸುತ್ತಿದ್ದಾಳೆ ಎಂದು ಬರೆದಿದ್ದಾಳೆ. ಜೊತೆಗೇ ಮಡಿಸಿಟ್ಟ ಇನ್ನೊಂದು ಹಾಳೆ, ಹನ್ನೊಂದನೇ ತಾರೀಕಿನದು: ಮಾತು ಮರೆಯುತ್ತಿದೆ, ಸ್ಟೆರಾಯ್ಡಿಗೆ ಹೆದರಿ ಯಾರಿಗೂ ಹೇಳಿಲ್ಲ ಎಂದು. ನೀನು ಮಡಿಸಿ ಲಕೋಟೆಗೆ ಹಾಕುವಾಗ ಓದಲಿಲ್ಲವೇ? ಅಕ್ಷರ ನೋಡಿ ಸಮಾಧಾನಪಟ್ಟುಕೊಂಡೆ ಅಲ್ಲವೇ? ನಿನ್ನನ್ನೇನು ಅನ್ನಲಿ, ನಾನೂ ಮೊದಲು ಅದನ್ನೇ ಮಾಡಿದೆ.

ಆಗ ನನಗೆ ಹೊಳೆಯಿತು. ಆ ವಾಕ್ಯ ಬರೆಯಲು ಅವಳಿಗೆ ಅವಳು ಬೇಕಾಗಿಲ್ಲ, ಕೈ ಸಾಕು. ಹಾಗೆಂದು ನಾನೇ ಹೆಮ್ಮೆಯಿಂದ ಬರೆದು ಕಳಿಸಿದ್ದೆ! ಮಿದುಳು ನೆಟ್ಟಗಿದೆಯೋ ಇಲ್ಲವೋ ಎಂದು ಅವರು ನೋಡುವುದೇ ಆ ವಾಕ್ಯದಲ್ಲಿ. ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿ ಜ್ವರ ಇಲ್ಲ ಎಂದ ಹಾಗಾಯಿತು. ನಾನು ವಾಕ್ಯ ಕೊಟ್ಟೆ, ನೀನು ಗಿಣಿಪಾಠ ಹೇಳಿಸಿದೆ. ಇಬ್ಬರೂ ಸೇರಿ ಮಗುವನ್ನು ಪಾಸು ಮಾಡಿಸಿದೆವು.

ಅಂಗಡಿ ಬಾಗಿಲು ಹಾಗೇ ಬಿಟ್ಟು ಓಡಿದೆ. ಮೆಡಿಕಲ್ ಶಾಪಿನಾಕೆ ಯಾರಿಗೋ ಗುಳಿಗೆ ಕತ್ತರಿಸಿ ಕೊಡುತ್ತಿದ್ದಳು. “ಆಸ್ಪತ್ರೆಗೆ ಫೋನು ಹಾಕಮ್ಮ” ಎಂದೆ. ನಿನಗೆ ಮಾಡಿದಳು, ನೀನು ಎತ್ತಲಿಲ್ಲ. ವಾರ್ಡಿಗೆ ಮಾಡಿದಳು. ಅವಳು ನಿಧಾನಕ್ಕೆ ನಮಸ್ಕಾರ ಹೇಳಿ ಶುರು ಮಾಡುತ್ತಿದ್ದಳು, ನಾನು ಕಿತ್ತುಕೊಂಡೆ. ಆ ಕಡೆ ಯಾರಿದ್ದಾರೋ, ಏನನ್ನುತ್ತಿದ್ದಾರೋ, ಈ ಕಿವುಡನಿಗೇನು ಗೊತ್ತು? ಕೂಗಿದೆ. “ನಮ್ಮ ಹುಡುಗಿ ಅಕ್ಷರ ನಂಬಬೇಡಿ! ಅದು ಕೈ ಬರೀತಿರೋದು, ಅವಳಲ್ಲ! ಬೇರೆ ಏನಾದ್ರೂ ಬರೆಸಿ! ಬೇರೆ ಪ್ರಶ್ನೆ ಕೇಳಿ! ಅವಳ ಚಿಕ್ಕಮ್ಮನ್ನ ಹೊರಗೆ ಕಳಿಸಿ!” ಎಷ್ಟು ಸಲ ಕೂಗಿದೆನೋ. ರಸ್ತೆಯಲ್ಲಿ ಹೋಗುವವರು ನಿಂತುಬಿಟ್ಟಿದ್ದರು. ಕೊನೆಗೆ ಅವಳು ಫೋನನ್ನು ನನ್ನ ಮುಷ್ಟಿಯಿಂದ ಬಿಡಿಸಿಕೊಂಡು ಕಿವಿಗಿಟ್ಟುಕೊಂಡಳು. ಅವಳ ತುಟಿಯನ್ನೇ ನೋಡಿದೆ. “ಹಲೋ… ಹಲೋ…” ಎಂದಳು. ನನ್ನ ಕಡೆ ತಿರುಗಿ ತಲೆಯಾಡಿಸಿದಳು. ಆ ಕಡೆ ಯಾರೂ ಇರಲಿಲ್ಲ. ಇಷ್ಟು ಹೊತ್ತೂ ನಾನು ಯಾರಿಗೂ ಅಲ್ಲದೆ ಕೂಗಿದ್ದೆ.

ಮತ್ತೆ ಮತ್ತೆ ಹಾಕಿದಳು, ಲೈನು ಸಿಗಲೇ ಇಲ್ಲ. ಇನ್ನೂ ಹಾಕುತ್ತಿದ್ದಾಳೆ. ನಾನು ಇಲ್ಲಿ ಅವಳ ಗಲ್ಲಾದ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಬಸ್ಸು ಹೊರಡುವುದರೊಳಗೆ ಡ್ರೈವರಿಗೆ ಕೊಡುತ್ತೇನೆ. ಅಷ್ಟರಲ್ಲಿ ನೀನು ಹೇಗಾದರೂ ಫೋನಿಗೆ ಸಿಕ್ಕರೆ ಸಾಕು. ಅವಳಿಗೆ ಏನಾದರೂ ಆದರೆ ಆ ವಾಕ್ಯ ಬರೆದ ಗೇಟುಗಳ ನಡುವೆ ನಾನು ಹೇಗೆ ಓಡಾಡಲಿ?

ಭಾವ


ಜೂನ್ 16

ಭಾವನವರಿಗೆ,

ಮೆಡಿಕಲ್ ಶಾಪಿನವರಿಗೆ ಹೇಳಿದ್ದೆ, ಅವರು “ಐಸಿಯುನಲ್ಲಿದ್ದಾಳೆ” ಎಂದಷ್ಟೇ ಬರೆದು ಕೊಟ್ಟಿರುತ್ತಾರೆ. ಉಳಿದದ್ದನ್ನು ಬರೆಯುವ ಧೈರ್ಯ ಇವತ್ತು ಬಂತು.

ನೀವು ಕೂಗಿದ್ದು ಯಾರಿಗೂ ಅಲ್ಲದೆ ಅಲ್ಲ. ಫೋನ್ ಎತ್ತಿದ್ದು ಗಡಿಯಾರದಮ್ಮನೇ. ಅವತ್ತು ಬೆಳಿಗ್ಗೆಯಿಂದಲೇ ಅವರಿಗೆ ಅನುಮಾನವಿತ್ತಂತೆ. ಕಣ್ಣು ಮಂಕು, ಉತ್ತರ ತಡ, ಆದರೆ ಅಂಕ ಮಾತ್ರ ಹತ್ತಕ್ಕೆ ಹತ್ತು. ನಿಮ್ಮ ಎರಡು ಮಾತು ಕೇಳಿದ್ದೇ ರಿಸೀವರನ್ನು ಮೇಜಿನ ಮೇಲೇ ಬಿಟ್ಟು ಓಡಿ ಬಂದರು. ಅದಕ್ಕೇ ಲೈನು ಸಿಗಲಿಲ್ಲ.

ಬಂದವರೇ ನನ್ನನ್ನು ಹೊರಗೆ ಹೋಗಲು ಹೇಳಿದರು. ನಾನು ಗಾಜಿನಿಂದ ನೋಡಿದೆ. ಸೊಂಟದ ಬೀಗದ ಕೈ ತೋರಿಸಿ “ಇದೇನು?” ಎಂದರು. ಇವಳು ನಕ್ಕು “ನೂರು” ಎಂದಳು. ಪೆನ್ನು ಕೊಟ್ಟು, ಆಸ್ಪತ್ರೆಗೆ ಹೇಗೆ ಬಂದೆ ಬರಿ ಎಂದರು. ಗೇಟಿನ ವಾಕ್ಯ ಬರೆದಳು. ಅದಲ್ಲ, ಬೇರೆ ಎಂದರು. ಮತ್ತೆ ಅದೇ. ಮೂರನೆಯ ಸಲ ಪೆನ್ನು ಹಿಡಿದು ಹಾಳೆಯನ್ನೇ ನೋಡುತ್ತ ಕೂತಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಆಮೇಲೆ ಪೆನ್ನು ಬಿತ್ತು. ಕೈಕಾಲು ಸೆಟೆದುಕೊಂಡವು. ನಾಲ್ಕೈದು ಜನ ಓಡಿ ಬಂದು ಪರದೆ ಎಳೆದರು.

ಸ್ಟೆರಾಯ್ಡ್ ಕೊಟ್ಟಿದ್ದಾರೆ. ನಾನು ಉದ್ದ ಡಾಕ್ಟರ ಕೈ ಹಿಡಿದು, ಅದಕ್ಕೆ ಹೆದರಿಯೇ ಅವಳು ಮುಚ್ಚಿಟ್ಟದ್ದು ಎಂದೆ. ಅವರು ಗೋಡೆಗೆ ಒರಗಿದರು. “ನಾಲ್ಕು ದಿನ ಸ್ಟೆರಾಯ್ಡ್ ಕೊಟ್ರೆ ಆ ಸೆಲ್‌ಗಳು ಅಷ್ಟು ಸುಲಭಕ್ಕೆ ಸಾಯಲ್ಲಮ್ಮ. ಕೇಳಿದ್ರೆ ಅವತ್ತೇ ಹೇಳ್ತಿದ್ದೆ” ಎಂದರು. ನಲ್ಲಿಯ ಹತ್ತಿರ ಕೇಳಿದ ಮಾತನ್ನು ನಂಬಿದೆ, ಹತ್ತು ಹೆಜ್ಜೆ ನಡೆದು ಇವರನ್ನು ಕೇಳಲಿಲ್ಲ. ಮೂವತ್ತು ವರ್ಷ “ಗೊತ್ತಿಲ್ಲದಿದ್ರೆ ಕೈ ಎತ್ತಿ ಕೇಳಿ” ಎಂದು ಮಕ್ಕಳಿಗೆ ಹೇಳಿದವಳು ನಾನು.

ಈಗ ಅವರ ಹೆದರಿಕೆಯೇ ಬೇರೆ. ಬಿಳಿ ರಕ್ತಕಣ ಮೊದಲೇ ಇಲ್ಲ, ಮೇಲೆ ಸ್ಟೆರಾಯ್ಡು. ಯಾವ ಸೋಂಕು ಬೇಕಾದರೂ ನುಗ್ಗಬಹುದು. ಕೊಡದಿದ್ದರೆ ಮಿದುಳು, ಕೊಟ್ಟರೆ ಸೋಂಕು. ಅತ್ತ ದರಿ, ಇತ್ತ ಪುಲಿ.

ನಿಮ್ಮ ನಾದಿನಿ


ಜೂನ್ 25

ಇರುವೆ,

ನೀನಿದನ್ನು ಓದುವುದಿಲ್ಲ ಎಂದು ಗೊತ್ತು. ಕಣ್ಣು ಬಿಡುತ್ತೀಯಂತೆ, ಯಾರನ್ನೂ ಗುರುತಿಸುವುದಿಲ್ಲವಂತೆ. ಚಿಕ್ಕಮ್ಮ ಕಿವಿಯ ಹತ್ತಿರ ಓದಿ ಹೇಳುತ್ತಾಳೆ. ನಿನಗಾದರೂ ಕೇಳಿಸಲಿ.

ನನಗೆ ಹೆದರಿಕೆಯಾಗುತ್ತಿದೆ ಕಣೇ. ಅಪ್ಪ ಆದವನು ಮಗಳಿಗೆ ಹೀಗೆ ಬರೆಯಬಾರದು, ಆದರೆ ಬೇರೆ ಯಾವ ಮಾತೂ ಬರುತ್ತಿಲ್ಲ. ಮೆಡಿಕಲ್ ಶಾಪಿನಾಕೆ ಚೀಟಿ ಹಿಡಿದು ಬೀದಿ ದಾಟುವುದನ್ನು ಕಂಡರೆ ಅರ್ಧ ಅಕ್ಷರಕ್ಕೇ ಬ್ರಷ್ ಬಿಟ್ಟು ಇಳಿದುಬಿಡುತ್ತೇನೆ. ಮೊನ್ನೆ ಅವಳು ಬಂದದ್ದು ಕತ್ತರಿ ಕೇಳಲು. ನಾನು ಏಣಿಯ ಮೇಲಿಂದ ಬಿದ್ದುಬಿಡುತ್ತಿದ್ದೆ. ಪಾಪ, ಈಗ ದೂರದಿಂದಲೇ ಏನಿಲ್ಲ ಎಂದು ಕೈ ಆಡಿಸಿಕೊಂಡು ಬರುತ್ತಾಳೆ.

ಒಬ್ಬರು ಗೇಟಿನ ಬೋರ್ಡು ಬರೆಸಲು ಬಂದರು. ತಗಡಿಗೆ ಬಿಳಿ ಹಚ್ಚಿದೆ, ಗೆರೆ ಹೊಡೆದೆ, ಬ್ರಷ್ ಅದ್ದಿದೆ. ಕೈ ಮುಂದೆ ಹೋಗಲಿಲ್ಲ. ಬೇರೆಯವರ ಹತ್ತಿರ ಬರೆಸಿಕೊಳ್ಳಿ ಎಂದು ಕಳಿಸಿಬಿಟ್ಟೆ.

ಕೆಮ್ಮಿಗೆ ಹೋಗಿ ಎದೆಯ ಫೋಟೋ ತೆಗೆಸಿಕೊಂಡು ಬಂದೆ. ಸೋಂಕಲ್ಲವಂತೆ, ಇಷ್ಟು ವರ್ಷ ಕುಡಿದ ಬಣ್ಣದ ಹೊಗೆಯಂತೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು ಎಂದರು, ಕಟ್ಟಿಕೊಂಡಿದ್ದೇನೆ. ಅವರು ಬಾ ಎಂದ ದಿನ ಕೆಮ್ಮಿನ ನೆಪದಲ್ಲಿ ನನ್ನನ್ನು ಬಾಗಿಲಲ್ಲಿ ನಿಲ್ಲಿಸಬಾರದು.

ನಿನ್ನನ್ನು ಪಾಸು ಮಾಡಿಸಲು ಹೋದ
ಅಪ್ಪ


ಜುಲೈ 3

ಭಾವನವರಿಗೆ,

ಮಿದುಳಿನ ಉರಿ ಇಳಿದಿತ್ತು. ನನ್ನನ್ನು ಚಿಕ್ಕಮ್ಮ ಎಂದು ಒಂದು ಸಲ ಕರೆದಳು. ಅದನ್ನು ನಿಮಗೆ ಬರೆಯಬೇಕು ಎನ್ನುವಷ್ಟರಲ್ಲಿ ಮತ್ತೆ ಜ್ವರ.

ಈ ಸಲ ಯಾವ ಜ್ವರ ಎಂದು ಯಾರಿಗೂ ಅನುಮಾನವಿಲ್ಲ. ಶ್ವಾಸಕೋಶದಲ್ಲಿ ಬೂಷ್ಟು ಬೆಳೆದಿದೆ. ಗೋಡೆಗೆ ಹಿಡಿಯುವಂಥ ಬೂಷ್ಟೇ ಭಾವ, ಗಾಳಿಯಲ್ಲೆಲ್ಲ ಇರುತ್ತದಂತೆ, ನಾವು ನೀವು ದಿನಾ ಉಸಿರಾಡುತ್ತೇವಂತೆ, ನಮಗೆ ಏನೂ ಆಗುವುದಿಲ್ಲವಂತೆ. ಬಾಯಿಗೆ ಕೊಳವೆ ಹಾಕಿ ಮಶೀನಿನಿಂದ ಉಸಿರು ಕೊಡುತ್ತಿದ್ದಾರೆ. ಮಲಗುವ ಔಷಧಿಯನ್ನೂ ಕೊಟ್ಟಿದ್ದಾರೆ.

ಉದ್ದ ಡಾಕ್ಟರು “ಅವರ ತಂದೆ ಬಂದು ನೋಡಿಕೊಂಡು ಹೋಗ್ತಾರಾ?” ಎಂದು ಕೇಳಿದರು. ಹಾಗೆಂದರೆ ಏನರ್ಥ ಎಂದು ನಾನು ಕೇಳಲಿಲ್ಲ.

ಬನ್ನಿ.

ನಾದಿನಿ


ಜುಲೈ 30

ಅಪ್ಪಾ,

ಅಕ್ಷರ ನೋಡಿ ಬೈಯಬೇಡ. ಈ ಹಾಳೆ ಮುಗಿಸಲು ಎಷ್ಟು ಸಲ ಪೆನ್ನು ಕೆಳಗಿಟ್ಟೆನೋ. ಸಾಲು ಮೇಲೆ ಹೊರಟು ಕೆಳಗೆ ಬೀಳುತ್ತದೆ. ಮೆಡಿಕಲ್ ಶಾಪಿನಾಕೆಯ ಕೋಳಿ ಇದಕ್ಕಿಂತ ಚೆನ್ನಾಗಿ ಕೆದಕುತ್ತದೆ.

ನೀನು ಬಂದು ಗಾಜಿನಾಚೆ ಮೂರು ದಿನ ನಿಂತಿದ್ದೆಯಂತೆ. ಕುರ್ಚಿ ಕೊಟ್ಟರೂ ಕೂರಲಿಲ್ಲವಂತೆ. ನನಗೆ ಒಂದೂ ನೆನಪಿಲ್ಲ. ನಾನು ಕಣ್ಣು ಬಿಡುವ ಹೊತ್ತಿಗೆ ನಿನ್ನನ್ನು ಊರಿಗೆ ಕಳಿಸಿದ್ದರು. ಕೊಳವೆ ತೆಗೆದ ಮೇಲೆ ಎಷ್ಟೋ ದಿನ ದನಿಯೇ ಬರಲಿಲ್ಲ. ಬಾಯಿ ಆಡಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನೀನಿದ್ದರೆ ತಿಳಿಯುತ್ತಿತ್ತು.

ಬೂಷ್ಟಿನ ಔಷಧಿ ಇನ್ನೂ ತಿಂಗಳುಗಟ್ಟಲೆ ಬೇಕಂತೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮೈ ಬೆಚ್ಚಗಾಯಿತೇನೋ ಎಂದು ದಿನಾ ನನ್ನ ಹಣೆ ನಾನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತೇನೆ.

ಇವತ್ತು ಗಡಿಯಾರದಮ್ಮ ವಾಕ್ಯ ಕೇಳಿದರು. ಕೇಳುವ ಮೊದಲೇ ಚಿಕ್ಕಮ್ಮ ಎದ್ದು ತಾನಾಗಿ ಹೊರಗೆ ಹೋದಳು. “ನನಗೆ ಲೋಟ ಎನ್ನುವ ಮಾತು ಮರೆತುಹೋಗಿತ್ತು, ನಾನು ಹೇಳಲಿಲ್ಲ” ಎಂದು ಬರೆದೆ. ಅವರು ಓದಿ, ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡರು. “ಇನ್ಮೇಲೆ ಮರೆತ್ರೆ ಮೊದಲು ನನಗೆ ಹೇಳು” ಎಂದರು. ಅಂಕ ಎಷ್ಟು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೂಳೆಯಿಂದ ಮಜ್ಜೆ ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಸೆಲ್‌ಗಳು ಕೆಲಸ ಮಾಡಿದವೋ, ಇಲ್ಲ ಇಷ್ಟೆಲ್ಲ ಪಟ್ಟದ್ದು ದಂಡವೋ ಅದರಲ್ಲಿ ಗೊತ್ತಾಗುತ್ತದೆ. ಆರನೇ ತಾರೀಕು ಹೇಳುತ್ತಾರೆ. ನಮ್ಮಪ್ಪ ಬರುವವರೆಗೂ ನನಗೆ ಹೇಳಬೇಡಿ ಎಂದಿದ್ದೇನೆ. ನಿನ್ನ ಕೆಮ್ಮಿನ ರಿಪೋರ್ಟ್ ನೋಡಿದರಂತೆ, ಒಳಗೆ ಬಿಡುತ್ತಾರೆ. ಡಾಕ್ಟರು ಮಾಸ್ಕ್ ತೆಗೆಯುವಂತಿಲ್ಲ, ನನ್ನೆದುರು ಯಾರೂ ತೆಗೆಯುವಂತಿಲ್ಲ. ಅವರು ಹೇಳಿದ್ದನ್ನು ನಾನೇ ನಿನಗೆ ಬರೆದು ತೋರಿಸುತ್ತೇನೆ. ಒಳ್ಳೆಯದಾದರೂ ಅಷ್ಟೇ, ಕೆಟ್ಟದ್ದಾದರೂ ಅಷ್ಟೇ. ಒಂದಕ್ಷರ ಮುಚ್ಚಿಡುವುದಿಲ್ಲ.

ಬಾ ಅಪ್ಪಾ. ತುಂಬ ಹೆದರಿಕೆಯಾಗುತ್ತಿದೆ.

ನಿನ್ನ
ಇರುವೆ


ಆಗಸ್ಟ್ 6, ಡಾಕ್ಟರ ಕೋಣೆ

ಅಪ್ಪಾ, ಅವರ ಮುಖ ನೋಡಬೇಡ, ಏನೂ ಗೊತ್ತಾಗಲ್ಲ. ಈ ಹಾಳೆ ನೋಡು.

ಫೈಲು ತೆಗೆದರು. ಇನ್ನೂ ಏನೂ ಹೇಳಿಲ್ಲ. ಚಿಕ್ಕಮ್ಮನಿಗೆ ಕೂತ್ಕೊಳ್ಳಿ ಅಂದರು.

ಮೊದಲು ಎದೆಯ ಸ್ಕ್ಯಾನ್. ಬೂಷ್ಟು ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಔಷಧಿ ನಿಲ್ಲಿಸಬಾರದು.

ಬಿಳಿ ರಕ್ತಕಣ ಇನ್ನೂ ಕಮ್ಮಿ. ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬಾರದು, ತಕ್ಷಣ ಬರಬೇಕು. ಸೋಂಕಿನ ಭಯ ಬಹಳ ದಿನ ಇರುತ್ತದೆ. ಎಷ್ಟು ದಿನ ಅಂತ ಹೇಳಕ್ಕಾಗಲ್ಲ ಅಂತಿದ್ದಾರೆ.

ಈಗ ಮಜ್ಜೆ.

ಕಾಣ್ತಿಲ್ಲ ಅಂದರು.

ತಡಿ, ಏನು ಕಾಣ್ತಿಲ್ಲ ಅಂತ ಕೇಳ್ತೀನಿ.

ಕ್ಯಾನ್ಸರ್ ಸೆಲ್ ಒಂದೂ ಕಾಣ್ತಿಲ್ಲ. ಇನ್ನೊಂದು ಸಲ ಕೇಳಿದೆ. ಒಂದೂ ಇಲ್ಲ ಅಂದರು. ಮತ್ತೆ ಬರಲ್ಲ ಅಂತ ಮಾತು ಕೊಡಕ್ಕಾಗಲ್ಲ, ಪರೀಕ್ಷೆ ಮಾಡ್ತಾನೇ ಇರಬೇಕು. ಆದರೆ ಇವತ್ತಿಗೆ

ಅಪ್ಪಾ, ಹಾಳೆ ಎಳೀಬೇಡ. ಅಳಬೇಡ, ಅವರಿನ್ನೂ ಮಾತು ಮುಗಿಸಿಲ್ಲ.